ಗೂಗಲ್ ಶೀಟ್ಸ್‌ನಲ್ಲಿ ಬೆಲ್ಲದಂಗಡಿಯ ಬ್ಲಾಗ್ ವೇಳಾಪಟ್ಟಿ: ಎರಡು ವರ್ಷ ಬಳಸಿದ ಮೇಲೆ

ಮಂಡ್ಯದಲ್ಲಿ ನಮ್ಮದು ಬೆಲ್ಲದ ಅಂಗಡಿ. ಅಚ್ಚು, ಉಂಡೆ, ಪುಡಿ, ಜೋನಿ ಎಲ್ಲಾ ಸಿಗುತ್ತದೆ. ಹೊರಗಿನ ಊರುಗಳಿಗೆ ಕೊರಿಯರ್ ಕೂಡ ಮಾಡುತ್ತೇವೆ. ಆ ಗಿರಾಕಿಗಳಿಗೋಸ್ಕರ ಅಂಗಡಿ ಹೆಸರಲ್ಲಿ ಒಂದು ಬ್ಲಾಗ್ ಇದೆ. ಯಾವ ಬರಹ ಯಾವತ್ತು ಹಾಕಬೇಕು ಅನ್ನುವ ಪಟ್ಟಿಯನ್ನು 2023ರ ನವೆಂಬರ್‌ನಿಂದ ಗೂಗಲ್ ಶೀಟ್ಸ್‌ನಲ್ಲಿ ಇಟ್ಟಿದ್ದೇನೆ.

ಅದಕ್ಕೂ ಮುಂಚೆ ದುಡ್ಡು ಕೊಟ್ಟು ಒಂದು ಆ್ಯಪ್ ತಗೊಂಡಿದ್ದೆ. ಬರೆಯುವವಳೂ ನಾನೇ, ತಿದ್ದುವವಳೂ ನಾನೇ. ಅದರಲ್ಲಿ ‘ಒಪ್ಪಿಗೆಗೆ ಕಳಿಸಿ’ ಅಂತ ಒಂದು ಬಟನ್. ಯಾರಿಗೆ ಕಳಿಸಲಿ? ಮೂರು ತಿಂಗಳಿಗೆ ಬಿಟ್ಟೆ.

ಶೀಟ್ಸ್‌ಗೆ ಕಾಸು ಕೊಡಬೇಕಿಲ್ಲ, ಗೂಗಲ್ ಖಾತೆ ಇದ್ದರೆ ಸಾಕು. ಶುರುವಿನಲ್ಲಿ ಉತ್ಸಾಹಕ್ಕೆ ಹನ್ನೊಂದು ಕಾಲಂ ಹಾಕಿದ್ದೆ. ಈಗ ಉಳಿದಿರುವುದು ಐದು: ಹಬ್ಬ, ಅದರ ತಾರೀಖು, ಬರಹ ಹಾಕುವ ತಾರೀಖು, ವಿಷಯ, ಎಲ್ಲಿಗೆ ಬಂತು. ಕೊನೆಯದಕ್ಕೆ ಡ್ರಾಪ್‌ಡೌನ್ ಇದೆ. ‘ಫೋಟೋ ಬೇಕು’, ‘ಬರೀತಾ ಇದೀನಿ’, ‘ಹಾಕಾಯ್ತು’. ‘ಹಾಕಾಯ್ತು’ ಅಂತ ಆರಿಸಿದರೆ ಇಡೀ ಸಾಲು ಹಸಿರಾಗುತ್ತದೆ. ಆ ಹಸಿರು ನೋಡೋಕೇ ಕೆಲವು ಸಲ ಬರಹ ಮುಗಿಸಿದ್ದೀನಿ, ಸುಳ್ಳು ಹೇಳಲ್ಲ.

ನಿಜವಾದ ಉಪಯೋಗ ಮೂರನೇ ಕಾಲಂನದು. ಹಬ್ಬದ ತಾರೀಖಿನಿಂದ 42 ದಿನ ಕಳೆಯುವ ಸೂತ್ರ ಅಲ್ಲಿದೆ. ನಮ್ಮ ಗಿರಾಕಿಗಳು ಹಬ್ಬಕ್ಕೆ ಎರಡು ವಾರ ಇರುವಾಗ ಆರ್ಡರ್ ಮಾಡುತ್ತಾರೆ. ಅಷ್ಟರೊಳಗೆ ಬರಹ ಗೂಗಲ್ ಹುಡುಕಾಟದಲ್ಲಿ ಕಾಣಿಸಬೇಕು. ಹಿಂದಿನ ದಿನ ಹಾಕಿದರೆ ನಾವೇ ಓದಿಕೊಳ್ಳಬೇಕು, ಅಷ್ಟೇ. ಆದರೆ ನಮ್ಮ ಹಬ್ಬಗಳು ಇಂಗ್ಲಿಷ್ ತಾರೀಖಿಗೆ ನಿಲ್ಲುವುದಿಲ್ಲವಲ್ಲ. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, ಈ ವರ್ಷ ಮಾರ್ಚ್ 19. ಗಣೇಶ ಹೋದ ವರ್ಷ ಆಗಸ್ಟ್ 27ಕ್ಕೆ ಬಂದ. 2026ರಲ್ಲಿ ಅಧಿಕ ಜ್ಯೇಷ್ಠ ಇರೋದರಿಂದ ಸೆಪ್ಟೆಂಬರ್ 14ಕ್ಕೆ ಜಾರಿದ್ದಾನೆ. ಒಂಟಿಕೊಪ್ಪಲ್ ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಗಣೇಶನ ತಾರೀಖು ಬದಲಿಸಿದೆ. ಕಡುಬಿನ ಬರಹ, ಮೋದಕಕ್ಕೆ ಯಾವ ಬೆಲ್ಲ ಅನ್ನುವ ಬರಹ, ಎರಡೂ ತಾವಾಗಿ ಮುಂದಕ್ಕೆ ಹೋದವು.

ಈಗ ನನ್ನ ಪೆದ್ದುತನ. ಶೀಟ್ ಮಾಡುವಾಗ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಅಂತ ಇತ್ತು. ನಾನು ನೋಡಲೇ ಇಲ್ಲ. ಸಂಕ್ರಾಂತಿಗೆ 15/1/2024 ಅಂತ ಹಾಕಿದೆ. ಹದಿನೈದನೇ ತಿಂಗಳು ಎಲ್ಲಿಂದ ಬರಬೇಕು? ಸೂತ್ರದ ಜಾಗದಲ್ಲಿ ಎರರ್ ಬಂತು. ಏನೋ ಅಂದುಕೊಂಡು ಆ ತಾರೀಖನ್ನು ಕೈಯಲ್ಲೇ ತುಂಬಿಸಿದೆ. ಅಲ್ಲೇ ಎಚ್ಚರ ಆಗಬೇಕಿತ್ತು. ಯುಗಾದಿಗೆ 9/4/2024 ಹಾಕಿದಾಗ ಎರರ್ ಬರಲಿಲ್ಲ. ಅದು ಸೆಪ್ಟೆಂಬರ್ 4 ಅಂತ ಓದಿಕೊಂಡು ಸುಮ್ನಾಯಿತು. ಫೆಬ್ರವರಿ 27ಕ್ಕೆ ಹಾಕಬೇಕಿದ್ದ ಬೇವು ಬೆಲ್ಲದ ಬರಹ ಜುಲೈ 24ಕ್ಕೆ ಹೋಗಿ ಕೂತಿತ್ತು. ನನಗೆ ಗೊತ್ತಾಗಿದ್ದು ಮಾರ್ಚ್ ಕೊನೆಯಲ್ಲಿ. ಹೊಸದಾಗಿ ಶುರು ಮಾಡುವವರು ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಭಾರತ ಅಂತ ಆರಿಸಿಕೊಳ್ಳಿ. ಇನ್ನೊಂದು ಗುರುತು: ಶೀಟ್ ಒಪ್ಪಿಕೊಂಡ ತಾರೀಖು ತನ್ನ ಮನೆಯ (ಸೆಲ್‌ನ) ಬಲಗಡೆಗೆ ಅಂಟಿಕೊಳ್ಳುತ್ತದೆ. ಎಡಗಡೆಗೆ ನಿಂತರೆ ಅದು ಬರೀ ಅಕ್ಷರ.

ಎಲ್ಲವನ್ನೂ ತಾರೀಖಿಗೆ ಕಟ್ಟಿಹಾಕೋಕೂ ಆಗಲ್ಲ. ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ಫೋಟೋ ಬೇಕು ಅಂತ ಪಾಂಡವಪುರದ ಹತ್ತಿರ ಇರುವ ಭಾವನ ಆಲೆಮನೆಗೆ ಹೋಗಿದ್ದೆ. ಎರಡು ದಿನದ ಮಳೆಗೆ ಕಬ್ಬಿನ ರಚ್ಚು (ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ) ಒಣಗಿರಲಿಲ್ಲ. ಒಲೆಗೆ ಹಾಕೋದು ಅದನ್ನೇ ತಾನೇ, ಆಲೆ ನಿಂತಿತ್ತು. ನಾನು ಫೋನಲ್ಲಿ ಪಟ್ಟಿ ತೋರಿಸಿದೆ. “ನೀನು ಡೇಟ್ ಹಾಕ್ಬುಟ್ರೆ ಬಿಸ್ಲು ಬಂದ್ಬುಡ್ತದೇನವ್ವಾ?” ಅಂದರು ಭಾವ. ಅವತ್ತಿನಿಂದ ‘ಯಾವಾಗ ಬೇಕಾದರೂ’ ಅಂತ ನಾಲ್ಕು ಸಾಲು ತುಂಬಿಸಿ ಇಟ್ಟಿರುತ್ತೇನೆ. ಬೆಲ್ಲ ಕಪ್ಪಗಿದ್ದರೆ ಕೆಟ್ಟದ್ದಾ, ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿದರೆ ಬಣ್ಣ ಯಾಕೆ ತಿಳಿಯಾಗುತ್ತದೆ, ಮಳೆಗಾಲದಲ್ಲಿ ಬೆಲ್ಲ ಬೆವರದ ಹಾಗೆ ಇಡೋದು ಹೇಗೆ, ಇಂಥವು. ಯಾವುದಾದರೂ ತಪ್ಪಿದರೆ ಇದರಲ್ಲೊಂದು ಎತ್ತಿ ಹಾಕುತ್ತೇನೆ.

ಮೊದಲು ವಾರಕ್ಕೆ ಎರಡು ಅಂತ ಪಟ್ಟಿ ಮಾಡಿದ್ದೆ. ಆರು ವಾರಕ್ಕೆ ಸುಸ್ತು. ಈಗ ತಿಂಗಳಿಗೆ ಎರಡು. ಒಂದು ಸಲವೂ ತಪ್ಪಿಲ್ಲ.

ಫೋನಿನಲ್ಲಿ ನೋಡೋದು ಸ್ವಲ್ಪ ಕಷ್ಟ, ಮೊದಲ ಕಾಲಂ ಜರುಗದ ಹಾಗೆ ಫ್ರೀಜ್ ಮಾಡಿಕೊಂಡರೆ ವಾಸಿ. ಬರೆಯುವ ದಿನ ನೆನಪಿಸಲಿ ಅಂತ ಫೋನಿನ ಕ್ಯಾಲೆಂಡರ್‌ನಲ್ಲಿ ಬೇರೆ ಹಾಕಿಕೊಳ್ಳುತ್ತೇನೆ. ಜನ ಏನು ಹುಡುಕಿ ಬ್ಲಾಗಿಗೆ ಬಂದರು ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ. ಹಾಗಾಗಿ ಪ್ರತಿ ಹಬ್ಬ ಮುಗಿದ ಮೇಲೆ ಅದನ್ನು ಇದೇ ಶೀಟಿನ ಇನ್ನೊಂದು ಹಾಳೆಗೆ ನಕಲು ಮಾಡುತ್ತೇನೆ.

ಶೀಟ್ಸ್‌ಗೆ ನನ್ನ ಅಂಕ ಐದಕ್ಕೆ ನಾಲ್ಕೂವರೆ. ಯುಗಾದಿಯ ಸಾಲು ಇನ್ನೂ ‘ಫೋಟೋ ಬೇಕು’ ಅಂತಲೇ ಇದೆ, ನಾಳೆ ಬಿಸಿಲಿದ್ದರೆ ಆಲೆಮನೆಗೆ ಹೋಗಬೇಕು.