ನಾಲ್ಕು ವೇವ್ ಮೇಕರ್, ಒಂದು ಮೂರಡಿ ಟ್ಯಾಂಕ್

ಬೆಳಿಗ್ಗೆ ಐದೂವರೆಗೆ ಕಾಫಿ ಮಾಡಲು ಎದ್ದ ಅಮ್ಮ ನನ್ನನ್ನು ಎಬ್ಬಿಸಿದರು. "ನಿನ್ನ ಮೀನಿನ ಪೆಟ್ಟಿಗೆಗೆ ಯಾರೋ ಹಾಲು ಸುರಿದ ಹಾಗಿದೆ, ಬಂದು ನೋಡು."

ಹೋಗಿ ನೋಡಿದರೆ ನಿಜಕ್ಕೂ ಹಾಗೇ ಇತ್ತು. ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್ ಅದು. ನೀರು ಓಡಾಡಿಸಲು ರಬ್ಬರ್ ಕಪ್ಪಿನಲ್ಲಿ ಗಾಜಿಗೆ ಅಂಟಿಸಿದ್ದ ಪವರ್‌ಹೆಡ್ ಅನ್ನುವ ಸಣ್ಣ ಪಂಪ್ ರಾತ್ರಿ ಯಾವಾಗಲೋ ಕಳಚಿ ಬಿದ್ದಿತ್ತು. ಬಿದ್ದು ಸುಮ್ಮನಿತ್ತಾ, ಇಲ್ಲ. ಮೂತಿಯನ್ನು ಮರಳಿಗಿಟ್ಟು ಊದುತ್ತಲೇ ಇತ್ತು. ಒಂದು ಮೂಲೆಯಲ್ಲಿ ತಳದ ಗಾಜು ಬೆಳ್ಳಗೆ ಕಾಣುತ್ತಿತ್ತು. ಅಲ್ಲಿದ್ದ ಮರಳೆಲ್ಲ ಎದುರು ಮೂಲೆಗೆ ಹೋಗಿ ಗುಡ್ಡೆಯಾಗಿ, ಜೊವಾಂಥಿಡ್ ಹವಳ ಕೂತಿದ್ದ ಕಲ್ಲನ್ನು ಅರ್ಧ ಮುಚ್ಚಿತ್ತು. ಕ್ಲೌನ್ ಮೀನುಗಳೆರಡೂ ಮೇಲೆ ಬಂದು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು.

ಅಲ್ಲಿಂದ ಶುರುವಾಯಿತು ನನ್ನ ಪಂಪ್ ಹುಡುಕಾಟ. ಎರಡೂವರೆ ವರ್ಷದಲ್ಲಿ ನಾಲ್ಕು ಜಾತಿಯ ವೇವ್ ಮೇಕರ್, ಅಂದರೆ ಟ್ಯಾಂಕಿನೊಳಗೆ ನೀರು ಓಡಾಡಿಸುವ ಪಂಪ್, ಇದೇ ಟ್ಯಾಂಕಿನಲ್ಲಿ ಓಡಿಸಿದ್ದೇನೆ. ಮೂರು ಕೊಂಡದ್ದು, ಒಂದು ಗೆಳೆಯನಿಂದ ಎರವಲು ತಂದದ್ದು. ನನ್ನ ಹತ್ತಿರ ಇದ್ದವು ಯಾವ ಕಂಪನಿಯವು ಅಂತ ಬರೆಯುವುದಿಲ್ಲ. ನನಗೆ ಸಿಕ್ಕಿದ ಒಂದು ಪೀಸ್ ಕೆಟ್ಟಿತು ಅಂತ ಕಂಪನಿಗೇ ಹೆಸರು ಕೆಡಿಸುವುದು ಸರಿಯಲ್ಲ. ಮೇಲಾಗಿ ಜಾತಿ ಸರಿಯಾಗಿ ಆರಿಸಿಕೊಂಡರೆ ಬ್ರ್ಯಾಂಡ್ ಆಮೇಲಿನ ಮಾತು.

ಟ್ಯಾಂಕ್ 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಲೆಕ್ಕಕ್ಕೆ 182 ಲೀಟರ್. ಕಲ್ಲು, ಮರಳು ಕಳೆದರೆ ನೀರು ಸುಮಾರು 150. ಊರು ಬೆಂಗಳೂರು. ಹವಳಗಳೆಲ್ಲ ಮೆತ್ತನೆಯವು: ಜೊವಾಂಥಿಡ್, ಮಶ್ರೂಮ್, ಕೊಡೆಯ ಹಾಗೆ ಬಿಚ್ಚಿಕೊಳ್ಳುವ ಒಂದು ಲೆದರ್ ಕೋರಲ್. ಗಟ್ಟಿ ಹವಳ ಯಾಕಿಲ್ಲ ಅಂದರೆ, ಅವೆಲ್ಲ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಬೀಸಣಿಗೆಯಂಥ ಸೀ ಫ್ಯಾನ್ ಹವಳ ಕೂಡ. ಅಂಗಡಿಯವರು "ಏನೂ ಆಗಲ್ಲ ಸಾರ್" ಅಂದರೂ ನಾನು ಆ ಕಡೆ ಹೋಗಿಲ್ಲ. ಕಲ್ಲು ಕೂಡ ಹವಳದ್ದಲ್ಲ, ಸೆರಾಮಿಕ್‌ನಲ್ಲಿ ಮಾಡಿದ್ದು.

ಪಂಪಿನ ಆಯ್ಕೆಗೂ ಇದಕ್ಕೂ ಸಂಬಂಧ ಇದೆ. ಕೊಂಬೆ ಕೊಂಬೆಯಾಗಿ ಬೆಳೆಯುವ ಗಟ್ಟಿ ಹವಳಕ್ಕೆ ಗಂಟೆಗೆ ಟ್ಯಾಂಕಿನ ನೀರಿನ 40 ಪಟ್ಟು, ಅದಕ್ಕೂ ಜಾಸ್ತಿ ನೀರು ಓಡಾಡಬೇಕು ಅನ್ನುತ್ತಾರೆ. ಮೆತ್ತನೆಯವಕ್ಕೆ 10ರಿಂದ 20 ಪಟ್ಟು ಸಾಕು. ನನ್ನ ಟ್ಯಾಂಕಿಗೆ ಅಂದರೆ ಹೆಚ್ಚೆಂದರೆ ಗಂಟೆಗೆ 3000 ಲೀಟರ್. ಮಾರ್ಕೆಟ್ಟಿನಲ್ಲಿ ಸಿಗುವ ಸಣ್ಣ ವೇವ್ ಮೇಕರ್‌ಗಳ ಡಬ್ಬದ ಮೇಲೂ 3000, 4000 ಅಂತ ಬರೆದಿರುತ್ತದೆ. ಹಾಗಾಗಿ ಲೀಟರ್ ನೋಡಿ ಆರಿಸುವುದಕ್ಕೆ ಆಗುವುದೇ ಇಲ್ಲ. ನೀರು ಹೇಗೆ ಹೋಗುತ್ತದೆ ಅನ್ನುವುದನ್ನು ನೋಡಬೇಕು. ಹವಳ ಎದ್ದು ಹೋಗಿ ಊಟ ಹುಡುಕುವುದಿಲ್ಲ. ಊಟ, ಉಸಿರು ಎರಡನ್ನೂ ನೀರೇ ತಂದುಕೊಡಬೇಕು, ಕೊಳೆಯನ್ನೂ ನೀರೇ ತೆಗೆದುಕೊಂಡು ಹೋಗಬೇಕು.

ನನ್ನ ಪರೀಕ್ಷೆಯ ಸಲಕರಣೆ ಒಂದು ಹಳೆಯ ಬಾಚಣಿಗೆ. ಹಲ್ಲಿಗೆ ನಾಲ್ಕಿಂಚಿನ ಉಲ್ಲನ್ ದಾರಗಳನ್ನು ಸಾಲಾಗಿ ಕಟ್ಟಿ, ಟ್ಯಾಂಕಿನ ಬೇರೆ ಬೇರೆ ಜಾಗದಲ್ಲಿ ಮುಳುಗಿಸಿ ಹಿಡಿಯುವುದು. ಪವರ್‌ಹೆಡ್ ಓಡುವಾಗ ಹಿಡಿದರೆ ನಡುವಿನ ಎರಡು ದಾರ ಕಡ್ಡಿಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದವು. ಪಕ್ಕದವು ಸತ್ತ ಹಾಗೆ ಜೋತುಬಿದ್ದಿರುತ್ತಿದ್ದವು. ಅದು ಸಣ್ಣ ಮೂತಿಯಿಂದ ಪಿಚಕಾರಿ ಹೊಡೆದ ಹಾಗೆ ನೀರು ಬಿಡುತ್ತದೆ. ಎದುರಿಗಿದ್ದ ಹವಳಕ್ಕೆ ಏಟು, ಕಲ್ಲಿನ ಹಿಂದೆ ನಿಂತ ನೀರು. ಆ ನಿಂತ ನೀರಿನ ಜಾಗದಲ್ಲೇ ಕೆಂಪು ಲೋಳೆ ಕಟ್ಟುತ್ತಿತ್ತು.

ಮೊದಲು ತಂದದ್ದು ಎಸಿ ಪ್ರೊಪೆಲ್ಲರ್ ಪಂಪ್. ನೇರ ಪ್ಲಗ್ಗಿಗೆ ಹಾಕುವುದು, ಸ್ಪೀಡ್ ಬದಲಿಸಲು ಆಗುವುದಿಲ್ಲ, ಗಾಜಿನ ಎರಡೂ ಕಡೆ ಆಯಸ್ಕಾಂತದಿಂದ ಕೂರುತ್ತದೆ. ಜರ್ಮನಿಯ ಟುಂಝೆ ಕಂಪನಿ 2000ರ ದಶಕದ ಶುರುವಿನಲ್ಲಿ ಈ ಪ್ರೊಪೆಲ್ಲರ್ ಮಾದರಿಯನ್ನು ಮನೆಯ ಟ್ಯಾಂಕುಗಳಿಗೆ ತಂದ ಮೇಲೆ ಪವರ್‌ಹೆಡ್ ಕಾಲ ಮುಗಿಯಿತು ಅನ್ನಬಹುದು. ಅವರ ಸಣ್ಣ 6045 ಮಾದರಿ 5ರಿಂದ 7 ವ್ಯಾಟ್‌ನಲ್ಲಿ ಗಂಟೆಗೆ 1500ರಿಂದ 4500 ಲೀಟರ್ ತಳ್ಳುತ್ತದೆ. ನನ್ನ ಹಳೆಯ ಪವರ್‌ಹೆಡ್‌ಗಳು ಎರಡಿದ್ದವು, ಒಂದೊಂದೂ 25 ವ್ಯಾಟ್.

ಆ 50 ವ್ಯಾಟ್ ಎಲ್ಲಿ ಹೋಗುತ್ತದೆ ಹೇಳಿ? ನೀರಿನೊಳಗೇ ಇರುವ ಮೋಟರ್, ಕೊನೆಗೆ ಎಲ್ಲ ಬಿಸಿಯಾಗಿ ನೀರಿಗೇ ಸೇರುತ್ತದೆ. 150 ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 175 ವ್ಯಾಟ್-ಅವರ್ ಸಾಕು. ಎರಡು ಪವರ್‌ಹೆಡ್ ದಿನಕ್ಕೆ ಕೊಡುತ್ತಿದ್ದದ್ದು 1200. ಬಹುಪಾಲು ಗಾಜಿನಿಂದ, ಮೇಲಿನಿಂದ ಹೊರಗೆ ಹೋಗುತ್ತದೆ ಅನ್ನಿ. ಆದರೂ ಏಪ್ರಿಲ್‌ನಲ್ಲಿ ಅವೆರಡನ್ನೂ ತೆಗೆದ ವಾರದಲ್ಲೇ ಟ್ಯಾಂಕ್ ಹತ್ತಿರ ಹತ್ತಿರ ಒಂದು ಡಿಗ್ರಿ ತಣ್ಣಗಾಯಿತು. ಚಿಲ್ಲರ್ ಇಲ್ಲದೆ ಬರೀ ಫ್ಯಾನ್‌ನಲ್ಲಿ ಬೇಸಿಗೆ ದೂಡುವ ನನ್ನಂಥವನಿಗೆ ಒಂದು ಡಿಗ್ರಿ ಅಂದರೆ ದೊಡ್ಡ ವಿಷಯ. ಕರೆಂಟ್ ಲೆಕ್ಕವೂ ಇದೆ. 50 ವ್ಯಾಟ್ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಲ್ವಾ, ಗಡಿಯಲ್ಲಿ ಒದ್ದಾಡುವ ಮನೆಗೆ 36 ಯೂನಿಟ್ ಸಣ್ಣದಲ್ಲ.

ಈ ಪ್ರೊಪೆಲ್ಲರ್ ಪಂಪ್ ಓಡುವಾಗ ಬಾಚಣಿಗೆ ಹಿಡಿದರೆ ದಾರಗಳೆಲ್ಲ ಒಟ್ಟಿಗೆ ತೂಗಾಡಿದವು, ಭತ್ತದ ಗದ್ದೆಗೆ ಗಾಳಿ ಬಂದ ಹಾಗೆ. ನೀರು ಅಗಲವಾಗಿ, ಮೆತ್ತಗೆ, ಆದರೆ ತುಂಬಾ ದೂರದವರೆಗೆ ಹೋಗುತ್ತಿತ್ತು.

ತಕರಾರು ಬಂದದ್ದು ಕರೆಂಟ್ ಹೋದಾಗ. ನಮ್ಮ ಮನೆಯ ಹಳೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದು, ಅಂದರೆ ಮೇನ್ ಲೈನಿನಷ್ಟು ನಯವಾದ ಕರೆಂಟ್ ಕೊಡುವುದಿಲ್ಲ. ಅದರಲ್ಲಿ ಎಸಿ ಪಂಪ್ ಗುರ್ ಅನ್ನುತ್ತದೆ, ಮುಟ್ಟಿದರೆ ಬಿಸಿ. "ಮಿಕ್ಸಿ ಆಫ್ ಮಾಡೋದು ಮರೆತ್ಯಾ?" ಅಂತ ಅಮ್ಮ ಒಳಗಿನಿಂದ ಕೇಳಿದ್ದಾರೆ. ಕರೆಂಟ್ ವಾಪಸ್ ಬಂದಾಗ ಕೆಲವು ಸಲ ರೆಕ್ಕೆ ಉಲ್ಟಾ ತಿರುಗಲು ಹೊರಟು, ಟಕ್ ಟಕ್ ಅಂದು, ಆಮೇಲೆ ಸರಿ ದಿಕ್ಕಿಗೆ ಬರುತ್ತದೆ. ಈ ಜಾತಿಯ ಮೋಟರಿನ ಸ್ವಭಾವವೇ ಅದು. ಕೆಟ್ಟಿದೆ ಅಂತ ವಾಪಸ್ ಕೊಡಲು ಓಡಬೇಡಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಹಳೆಯ ಪವರ್‌ಹೆಡ್ ತೆಗೆಯುವ ಹಿಂದಿನ ವಾರ, ಬೆರಳಿನಲ್ಲಿ ಸಣ್ಣ ಗಾಯ ಇದ್ದಾಗ ನೀರಿಗೆ ಕೈ ಹಾಕಿದ್ದೆ. ಚುರ್ ಅಂತು. ಉಪ್ಪು ಗಾಯಕ್ಕೆ ತಾಗಿತು ಅಂದುಕೊಂಡೆ. ಎರಡನೇ ಸಲ ಅನುಮಾನ ಬಂದು ಟೆಸ್ಟರ್ ಹಚ್ಚಿದರೆ ಸಣ್ಣಗೆ ಉರಿಯಿತು. ವೈರು ಪಂಪಿನ ಮೈಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. 230 ವೋಲ್ಟ್, ಉಪ್ಪುನೀರು, ನೆಲದ ಮೇಲೆ ಬರಿಗಾಲು. ಟ್ಯಾಂಕಿನ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ಯಾವ ಎಸಿ ಪಂಪನ್ನೂ ನೀರಿಗೆ ಇಳಿಸಬೇಡಿ. ಪಂಪಿಗಿಂತ ಮೊದಲು ಅದು.

ಎರಡನೆಯದು ಕಂಟ್ರೋಲರ್ ಇರುವ ಡಿಸಿ ಪಂಪ್, 24 ವೋಲ್ಟಿನದು. ಮೇಲಿನ ಕಥೆ ಆದ ಮೇಲೆ ಆ 24 ಅನ್ನುವ ಅಂಕಿಯೇ ನನಗೆ ಅರ್ಧ ಸಮಾಧಾನ ಕೊಟ್ಟಿತು. ಚೀನಾದ ಜೆಬಾವೊ ತರಹದ ಕಂಪನಿಗಳು ಈ ಜಾತಿಯನ್ನು ಸಾಮಾನ್ಯರ ಕೈಗೆ ಎಟುಕುವ ಬೆಲೆಗೆ ತಂದವು. ಸ್ಪೀಡ್ ಏರಿಸಬಹುದು, ಇಳಿಸಬಹುದು. ಅಲೆ ಅಲೆಯಾಗಿ ಬಿಡಬಹುದು. ಊಟ ಹಾಕುವಾಗ ಒಂದು ಬಟನ್ ಒತ್ತಿದರೆ ಹತ್ತು ನಿಮಿಷ ನಿಂತು ತಾನೇ ಶುರುವಾಗುತ್ತದೆ. ಎಸಿ ಪಂಪಿನ ಕಾಲದಲ್ಲಿ ನಾನು ಊಟಕ್ಕೆ ಅಂತ ಸ್ವಿಚ್ ಆಫ್ ಮಾಡಿ, ಮರೆತು ಆಫೀಸಿಗೆ ಹೋದದ್ದು ಎರಡು ಸಲ.

ಇದರ ಗುಣ ಗೊತ್ತಾದದ್ದು ಲೆದರ್ ಕೋರಲ್‌ನಿಂದ. ಆ ಹವಳ ಆಗಾಗ ಮುಚ್ಚಿಕೊಂಡು, ಮೈಮೇಲೆ ಮೇಣದಂಥ ಪೊರೆ ಕಟ್ಟಿಕೊಂಡು ಕೂರುತ್ತದೆ. ಪೊರೆ ಕಳಚಿ ಹೋಗಬೇಕಾದರೆ ನೀರಿನ ಓಟ ಬೇಕು. ಒಂದೇ ಸಮನೆ ಬೀಸುವ ಎಸಿ ಪಂಪಿನಲ್ಲಿ ಪೊರೆ ಒಂದು ಕಡೆ ಕಿತ್ತು ಬಂದು ಇನ್ನೊಂದು ಕಡೆ ಅಂಟಿಕೊಂಡೇ ಇರುತ್ತಿತ್ತು. ಬಾವುಟದ ಹಾಗೆ ಐದಾರು ದಿನ ಪಟಪಟ ಅನ್ನುತ್ತಿತ್ತು. ಡಿಸಿ ಪಂಪಿನ ಅಲೆಯಲ್ಲಿ ನೀರು ಒಮ್ಮೆ ತಳ್ಳಿ ಒಮ್ಮೆ ಬಿಡುವುದರಿಂದ ಎರಡೇ ದಿನಕ್ಕೆ ಕಳಚಿ ಸಂಪ್‌ಗೆ, ಅಂದರೆ ಟ್ಯಾಂಕಿನ ನೀರು ಸೋಸುವ ತೊಟ್ಟಿಗೆ, ಹೋಯಿತು. ಮೂರನೇ ದಿನ ಕೊಡೆ ಪೂರ್ತಿ ಬಿಚ್ಚಿತು, ಅಂಚಿನವರೆಗೂ ಹೂವಿನ ಹಾಗೆ ಅರಳುವ ಸಣ್ಣ ಸಣ್ಣ ಪಾಲಿಪ್.

ಆದರೆ ನಾನು ಕೊಂಡ ಮೊದಲ ಡಿಸಿ ಪಂಪಿಗೆ ಮರೆವಿನ ರೋಗ ಇತ್ತು. 40 ಪರ್ಸೆಂಟಿಗೆ ಇಟ್ಟಿದ್ದರೂ ಕರೆಂಟ್ ಹೋಗಿ ಬಂದರೆ ಪೂರ್ತಿ ಸ್ಪೀಡಿನಲ್ಲಿ ಏಳುತ್ತಿತ್ತು. ಮಳೆಗಾಲದ ಒಂದು ಸಂಜೆ ಹಾಗೆ ಎದ್ದು, ಎರಡು ಮಶ್ರೂಮ್‌ಗಳನ್ನು ಕಲ್ಲಿನಿಂದ ಕಿತ್ತು ಹಾರಿಸಿತು. ಒಂದು, ನೀರು ಸಂಪ್‌ಗೆ ಇಳಿಯುವ ಓವರ್‌ಫ್ಲೋ ಜಾಲರಿಯಲ್ಲಿ ಸಿಕ್ಕಿತು, ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ. ಅದಕ್ಕೇ ಈಗ ಅಂಗಡಿಯಲ್ಲೇ ಪರೀಕ್ಷೆ ಮಾಡುತ್ತೇನೆ: ಬಕೆಟ್ ನೀರಿನಲ್ಲಿ ಓಡಿಸಿ, ಸ್ಪೀಡ್ ಇಳಿಸಿ, ಪ್ಲಗ್ ಕಿತ್ತು ಮತ್ತೆ ಹಾಕುವುದು. ಹೇಳಿದ ಸ್ಪೀಡಿಗೇ ಬಂದರೆ ಮಾತ್ರ ದುಡ್ಡು. ಶಿವಾಜಿನಗರದ ಅಂಗಡಿಯಲ್ಲಿ ಹುಡುಗ ನಕ್ಕ, ಆದರೆ ಬಕೆಟ್ ಕೊಟ್ಟ.

ಇನ್ನೊಂದು ದೌರ್ಬಲ್ಯ ಕಂಟ್ರೋಲರಿನ ಡಬ್ಬಿ. ಸಂಪ್ ಪಕ್ಕದಲ್ಲಿ ನೇತುಹಾಕಿದ್ದೆ. ಉಪ್ಪಿನ ತೇವ ಸೇರಿ ಎಂಟು ತಿಂಗಳಲ್ಲಿ ಬಟನ್ ಸತ್ತುಹೋಯಿತು. ಎರಡನೆಯದನ್ನು ಟ್ಯಾಂಕಿಗಿಂತ ಎತ್ತರದಲ್ಲಿ, ಗೋಡೆಗೆ ಹಾಕಿದ್ದೇನೆ. ಚೆನ್ನಾಗಿದೆ. ಹಳೆಯ ಇನ್ವರ್ಟರಿನಲ್ಲೂ ಇದರ ಅಡಾಪ್ಟರ್ ತಕರಾರಿಲ್ಲದೆ ಓಡುತ್ತದೆ. ನಮ್ಮ ಊರಿಗೆ ಇದು ದೊಡ್ಡ ಗುಣ. ದೀಪ ಇಲ್ಲದೆ ಹವಳ ಒಂದೆರಡು ದಿನ ಇರುತ್ತದೆ, ನೀರು ನಿಂತರೆ ಕೆಲವೇ ಗಂಟೆಯಲ್ಲಿ ಮೀನಿಗೂ ಹವಳಕ್ಕೂ ಉಸಿರು ಕಟ್ಟುತ್ತದೆ.

ಮೂರನೆಯದು ಜೈರ್. ಮ್ಯಾಕ್ಸ್‌ಸ್ಪೆಕ್ಟ್ 2014ರಲ್ಲಿ ಈ ಮಾದರಿ ತಂದ ಮೇಲೆ ಬೇರೆಯವರೂ ಮಾಡುತ್ತಿದ್ದಾರೆ. ಲಟ್ಟಣಿಗೆಯ ಹಾಗೆ ಉದ್ದಕ್ಕೆ ತಿರುಗುವ ರೆಕ್ಕೆ, ಹಾಳೆಯ ಹಾಗೆ ಚಪ್ಪಟೆಯಾಗಿ ಬರುವ ನೀರು. ಬಾಚಣಿಗೆ ಪರೀಕ್ಷೆಯಲ್ಲಿ ನನಗೆ ಆಶ್ಚರ್ಯವಾದದ್ದು ಇದೊಂದರಲ್ಲೇ. ಮೇಲೆ ಹಿಡಿದರೆ ಎಲ್ಲ ದಾರ ಬಲಕ್ಕೆ, ತಳದಲ್ಲಿ ಹಿಡಿದರೆ ಎಲ್ಲ ದಾರ ಎಡಕ್ಕೆ. ನೀರು ಮೇಲೆ ಹೋಗಿ, ಎದುರು ಗಾಜಿಗೆ ಬಡಿದು, ಕೆಳಗಿನಿಂದ ವಾಪಸ್ ಬರುತ್ತಿತ್ತು. ಕಲ್ಲಿನ ಹಿಂದಿನ ಕೆಂಪು ಲೋಳೆ ಹತ್ತು ದಿನಕ್ಕೆ ಮಾಯ.

ಅಷ್ಟಾದರೂ ನಾಲ್ಕು ತಿಂಗಳಿಗೆ ಮಾರಿಬಿಟ್ಟೆ. ಮೂರಡಿ ಅದಕ್ಕೆ ಸಾಲದು. ಸ್ಪೀಡ್ ಇಳಿಸಿದರೂ ಎದುರು ಗಾಜಿಗೆ ಬಡಿದ ನೀರು ಚಿಮ್ಮಿ ಮುಚ್ಚಳ, ದೀಪ, ಗೋಡೆ ಎಲ್ಲ ಕಡೆ ಉಪ್ಪು. ಜೊತೆಗೆ ತೊಳೆಯುವ ಕೆಲಸ. ಪ್ರೊಪೆಲ್ಲರ್ ಪಂಪಾದರೆ ಬಿಚ್ಚಿದರೆ ಮೂರು ತುಂಡು. ಇದರಲ್ಲಿ ಎರಡು ಪಂಜರ, ಎರಡು ರೆಕ್ಕೆ, ತುದಿಗೆ ಬುಶ್, ಒಂದೊಂದಕ್ಕೂ ಸುಣ್ಣ. ಒಂದು ಭಾನುವಾರ ಮುಕ್ಕಾಲು ಗಂಟೆ ಹಲ್ಲುಜ್ಜುವ ಬ್ರಷ್ ಹಿಡಿದು ಕೂತಿದ್ದೆ. ಆರಡಿ ಟ್ಯಾಂಕ್ ಇರುವ ಗೆಳೆಯ ಕೊಂಡುಕೊಂಡ. ಅವನ ಮನೆಯಲ್ಲಿ ಅದು ರಾಜನ ಹಾಗಿದೆ.

ಸುಣ್ಣದ ಮಾತು ಬಂತು ನೋಡಿ. ಹವಳದ ಟ್ಯಾಂಕಿನ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ಬಿಸಿಯಾಗುವ ಮೋಟರಿನ ಮೈಮೇಲೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಯಾವ ಜಾತಿಯಾದರೂ ಎರಡು ತಿಂಗಳಿಗೊಮ್ಮೆ ಬಿಳಿ ವಿನೆಗರ್ ಅರ್ಧ, ನೀರು ಅರ್ಧ ಮಾಡಿ ಒಂದು ಗಂಟೆ ನೆನೆಹಾಕಬೇಕು. ಸೋಡಾ ಹಾಗೆ ನೊರೆ ಬರುತ್ತದೆ. ತೊಳೆಯದ ಪಂಪಿನ ಡಬ್ಬದ ಮೇಲಿನ 4000 ಲೀಟರ್ ಬರೀ ಡಬ್ಬದ ಮೇಲೆ.

ಕೊನೆಯದು ಎರವಲು ತಂದದ್ದು: ಮೋಟರ್ ಗಾಜಿನ ಹೊರಗೆ, ರೆಕ್ಕೆ ಮಾತ್ರ ಒಳಗೆ, ನಡುವೆ ಆಯಸ್ಕಾಂತದ ಹಿಡಿತ. ಅಮೆರಿಕದ ಇಕೋಟೆಕ್‌ನ ವೋರ್ಟೆಕ್‌ನಿಂದ ಹೆಸರಾದ ಮಾದರಿ. ನೀರಿನಲ್ಲಿ ವೈರೇ ಇಲ್ಲ, ಮೋಟರಿನ ಬಿಸಿ ಹೊರಗಿನ ಗಾಳಿಗೆ. ಒಳಗಿನ ಭಾಗವನ್ನು ಕೈಯಲ್ಲಿ ಎಳೆದು ತೆಗೆದು ನೇರ ವಿನೆಗರಿಗೆ ಹಾಕಬಹುದು. ಮೂರು ವಾರ ಓಡಿಸಿದೆ. ನಾಲ್ಕರಲ್ಲಿ ಅತಿ ಒಳ್ಳೆಯದು ಇದೇ, ಎರಡು ಮಾತಿಲ್ಲ. ಆದರೆ ಒಂದರ ದುಡ್ಡಿನಲ್ಲಿ ನನ್ನ ಡಿಸಿ ಪಂಪ್ ಐದು ಬರುತ್ತವೆ. ಗಾಜಿನ ದಪ್ಪಕ್ಕೆ ಮಿತಿ ಇದೆ. ಸಣ್ಣ ಮಾದರಿಗೆ ಸುಮಾರು 10 ಮಿಲಿಮೀಟರ್, ನನ್ನ ಗಾಜು ಸರಿಯಾಗಿ ಅಷ್ಟೇ. ಹೊರಗೆ ಮೋಟರ್ ಕೂರಲು ಜಾಗ ಬೇಕು, ನನ್ನ ಟ್ಯಾಂಕ್ ಹಿಂದೆ ಗೋಡೆಗೆ ಮೂರು ಬೆರಳು ಸಂದಿ. ಪಕ್ಕದ ಗಾಜಿಗೆ ಹಾಕಿದರೆ ಹಾಲ್‌ಗೆ ಬಂದವರೆಲ್ಲ ಮೊದಲು ಅದನ್ನೇ ಮುಟ್ಟುವುದು. ವಾಪಸ್ ಕೊಟ್ಟೆ. ಕೊಡುವಾಗ ಮನಸ್ಸಿರಲಿಲ್ಲ.

ಈಗ ಟ್ಯಾಂಕಿನ ಎಡಕ್ಕೆ 6 ವ್ಯಾಟಿನ ಎಸಿ ಪ್ರೊಪೆಲ್ಲರ್, ಕಲ್ಲಿನ ಹಿಂಭಾಗಕ್ಕೆ ಮುಖ ಮಾಡಿ, ಮೇನ್ ಲೈನಿನಲ್ಲಿ. ಬಲಕ್ಕೆ ಡಿಸಿ, ಮೇಲ್ಮೈಗೆ ಸ್ವಲ್ಪ ವಾಲಿಸಿ, ಅಲೆಯ ಮೋಡಿನಲ್ಲಿ, ಇನ್ವರ್ಟರ್ ಲೈನಿನಲ್ಲಿ. ಅದು ಸುಮಾರು 8 ವ್ಯಾಟ್ ತಿನ್ನುತ್ತದೆ. ಒಂದೇ ಪಂಪ್ ತೆಗೆದುಕೊಳ್ಳುವಷ್ಟೇ ದುಡ್ಡು ಇದ್ದರೆ ಡಿಸಿ ತೆಗೆದುಕೊಳ್ಳಿ, ಬಕೆಟ್ ಪರೀಕ್ಷೆ ಮಾಡಿ. ಎರಡಕ್ಕೆ ದುಡ್ಡಿದ್ದರೂ ಎರಡೂ ಡಿಸಿ ಬೇಡ ಅನ್ನುತ್ತೇನೆ. ಕಂಟ್ರೋಲರ್ ಸತ್ತ ದಿನ ಏನೂ ಕೇಳದೆ ತಿರುಗುವ ಒಂದು ಪಂಪ್ ನೀರಿನಲ್ಲಿ ಇರಲಿ.

ಬಿರುಕುಬಿಟ್ಟ ಪವರ್‌ಹೆಡ್‌ನ ವೈರು ಕತ್ತರಿಸಿ ಎಸೆದೆ. ಇನ್ನೊಂದು ಬಾಲ್ಕನಿಯ ಬಕೆಟ್ಟಿನಲ್ಲಿದೆ. ಶನಿವಾರ ರಾತ್ರಿ ಆರ್‌ಓ ನೀರಿಗೆ ಉಪ್ಪು ಸುರಿದು ಅದನ್ನು ಬಿಟ್ಟರೆ ಬೆಳಿಗ್ಗೆಗೆ ಚೆನ್ನಾಗಿ ಕಲಸಿರುತ್ತದೆ. ಅಲ್ಲಿ ಮರಳೂ ಇಲ್ಲ, ಅಮ್ಮನ ನಿದ್ದೆಗೂ ದೂರ.