ಪದ್ಮಿನಿಗೆ ಎಡಗಡೆ ಮಿರರ್: ಫೆಂಡರ್ ಮೇಲೋ, ಬಾಗಿಲಿಗೋ?

ಹಳೆ ಗಾಡಿ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಈ ವಾದ ಬಂದೇ ಬರುತ್ತದೆ. ಎಡಗಡೆ ಮಿರರ್ ಬೇಕೋ ಬೇಡವೋ? ಬೇಕಾದರೆ ಎಲ್ಲಿ ಹಚ್ಚಿಸಬೇಕು: ಫೆಂಡರ್, ಅಂದರೆ ಮುಂದಿನ ಮಡಗಾರ್ಡ್ ಮೇಲೋ, ಬಾಗಿಲಿಗೋ?

ನನ್ನದು ಪ್ರೀಮಿಯರ್ ಪದ್ಮಿನಿ. ಸ್ಟೀರಿಂಗ್ ಪಕ್ಕದಲ್ಲೇ ಇರುವ ಹ್ಯಾಂಡ್ ಗೇರ್, ಮುಂದೆ ಉದ್ದ ಸೀಟು, 1089 ಸಿಸಿ ಇಂಜಿನ್. ನನ್ನ ಕೈಗೆ ಬಂದಾಗ ಬಲಗಡೆ ಮಾತ್ರ ಒಂದು ಮಿರರ್ ಇತ್ತು. ಫಿಯಟ್ ಗಾಡಿಗೆ ಪದ್ಮಿನಿ ಅಂತ ಹೆಸರು ಬಿದ್ದದ್ದು 1974ರಲ್ಲಿ. ಆಗಿನ ರಸ್ತೆಗೆ ಅಷ್ಟು ಸಾಕಿತ್ತು. ಈಗ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಮ್ಮೆ ಹೋಗಿ ನೋಡಿ. ನಡುವಿನ ಲೇನ್ ಬಿಆರ್‌ಟಿಎಸ್, ಅಂದರೆ ತ್ವರಿತ ಬಸ್ ಸೇವೆಯ ಚಿಗರಿ ಬಸ್ಸಿಗೆ ಮೀಸಲು. ಉಳಿದವರೆಲ್ಲ ಪಕ್ಕದ ಲೇನಿನಲ್ಲಿ. ಎಡಗಡೆಯಿಂದ ಬೈಕು, ಆಟೊ ನುಗ್ಗುತ್ತಲೇ ಇರುತ್ತವೆ. ಉಣಕಲ್ ಹತ್ತಿರ ಎಡಕ್ಕೆ ಸರಿಯಬೇಕೆಂದರೆ ಪಕ್ಕದಲ್ಲಿ ಕೂತವರಿಗೆ "ಯಾರರ ಬರಾಕತ್ತಾರೇನು ನೋಡ್ರಿ" ಅನ್ನಬೇಕು. ಒಬ್ಬನೇ ಇದ್ದರೆ ಹಾರ್ನ್ ಮತ್ತು ದೇವರು.

ಹಾಗಾಗಿ ಬೇಕೋ ಬೇಡವೋ ಅನ್ನೋದು ನನ್ನ ಪಾಲಿಗೆ ಮುಗಿದ ಮಾತು. ಎಲ್ಲಿ, ಯಾವುದು ಅನ್ನೋದಕ್ಕೆ ನಾಲ್ಕು ಥರದ್ದನ್ನು ಹಚ್ಚಿ ನೋಡಿದೆ.

ಮೊದಲನೆಯದು ಒಳಗಿನ ಕನ್ನಡಿಯ ಮೇಲೆ ಸಿಕ್ಕಿಸುವ ಅಗಲ ಮಿರರ್. ಅಗ್ಗ. ತೂತು ಬೇಡ, ಸ್ಕ್ರೂ ಬೇಡ. ಆದರೆ ಕನ್ನಡಿ ಎಷ್ಟೇ ಅಗಲ ಇರಲಿ, ಹೊರಗಿನದು ಕಾಣೋದು ಹಿಂದಿನ ಗ್ಲಾಸಿನ ಅಳತೆಯಷ್ಟೇ. ಮಿಕ್ಕಿದ್ದರಲ್ಲಿ ಹಿಂದಿನ ಸೀಟಿನವರ ಮುಖ ಕಾಣುತ್ತದೆ. ಗಾಡಿಯ ಎಡಹಿಂದಿನ ಕಂಬದ ಮರೆಗೆ ಒಂದು ಬೈಕು ಸಲೀಸಾಗಿ ಅಡಗುತ್ತದೆ. ರಾತ್ರಿ ಹಿಂದಿನ ಲಾರಿಯ ಲೈಟು ಪೂರ್ತಿ ಕಣ್ಣಿಗೆ. ಇದನ್ನು ಬೇಗ ತೆಗೆದಿಟ್ಟೆ.

ಎರಡನೆಯದು ಬಾಗಿಲಿನ ಅಂಚಿಗೆ ಕಚ್ಚಿಸುವ ಕ್ಲ್ಯಾಂಪ್ ಮಿರರ್. ಸಣ್ಣ ಸ್ಕ್ರೂ ಬಿಗಿದರೆ ಆಯಿತು, ಇದಕ್ಕೂ ತೂತಿಲ್ಲ. ತೂತು ಅಂದರೆ ಜೀವ ಹೋದಂತೆ ಆಡುವ ಹಳೆ ಗಾಡಿಯವರಿಗೆ ಇದು ಬಹಳ ಇಷ್ಟ. ಆದರೆ ಪದ್ಮಿನಿಯ ಬಾಗಿಲನ್ನು ಜೋರಾಗಿ ಹಾಕದಿದ್ದರೆ ಕೂರುವುದಿಲ್ಲ, ಅಲ್ವಾ? ಪ್ರತಿ ಸಲ ಬಾಗಿಲು ಬಡಿದಾಗಲೂ ಮಿರರ್ ಚೂರು ಕೆಳಗೆ ಬಾಗುತ್ತದೆ. ಸಂಜೆ ಹೊತ್ತಿಗೆ ಅದರಲ್ಲಿ ಹಿಂದಿನ ಚಕ್ರ ಕಾಣುತ್ತಿರುತ್ತದೆ. ಕ್ಲ್ಯಾಂಪಿನ ಕೆಳಗಿನ ಬಣ್ಣವೂ ತೇಯುತ್ತದೆ. ರಬ್ಬರ್ ಪಟ್ಟಿ ಇಟ್ಟರೂ ಅಷ್ಟೇ: ರಬ್ಬರಿನ ಅಡಿಗೆ ಧೂಳು ಸೇರಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಒಂದು ಉಪಯೋಗ ಮಾತ್ರ ಇದೆ. ಮೇಲೆ ಕೆಳಗೆ ಸರಿಸಿ, ಕಾಯಂ ಮಿರರ್ ಎಲ್ಲಿ ಕೂತರೆ ಚೆನ್ನ ಅಂತ ಇದರಲ್ಲಿ ನೋಡಿಕೊಳ್ಳಬಹುದು.

ನಿಜವಾದ ಪೈಪೋಟಿ ಇರೋದು ಫೆಂಡರ್‌ಗೂ ಬಾಗಿಲಿಗೂ.

ಚಂದದ ಮಾತಿಗೆ ಬಂದರೆ ಫೆಂಡರ್ ಮಿರರನ್ನು ಸೋಲಿಸಲು ಆಗುವುದಿಲ್ಲ. ದುಂಡನೆಯ ಕ್ರೋಮ್ ಮಿರರ್ ಮುಂದಿನ ಮಡಗಾರ್ಡ್ ಮೇಲೆ ನಿಂತರೆ ಗಾಡಿಯ ಗತ್ತೇ ಬೇರೆ. ಚಂದ ಒಂದೇ ಅಲ್ಲ, ಕೆಲಸದಲ್ಲೂ ಒಂದು ಅನುಕೂಲ ಇದೆ. ಮುಂದಿನ ಗ್ಲಾಸಿನಿಂದಲೇ ಕಾಣುತ್ತದೆ, ತಲೆ ತಿರುಗಿಸಬೇಕಾಗಿಲ್ಲ. ಜಪಾನಿನಲ್ಲಿ 1983ರವರೆಗೆ ಕಾರುಗಳಿಗೆ ಫೆಂಡರ್ ಮಿರರೇ ಕಡ್ಡಾಯವಾಗಿತ್ತು. ಅಲ್ಲಿನ ಟ್ಯಾಕ್ಸಿಗಳು ಆಮೇಲೂ ಅದನ್ನು ಬಿಡಲಿಲ್ಲ. ಪಕ್ಕದಲ್ಲಿ ಕೂತವರು ಮುಂದಕ್ಕೆ ಬಾಗಿ ಮೊಬೈಲ್ ನೋಡುತ್ತಿದ್ದರೂ ನೋಟಕ್ಕೆ ಅಡ್ಡ ಇಲ್ಲ. ಮುಂದಿನ ಸೀಟಿನಲ್ಲಿ ಮೂವರು ಕೂರುವ ನಮ್ಮ ಮಂದಿಗೆ ಇದು ಸಣ್ಣ ಮಾತಲ್ಲ.

ನನಗೆ ತೂತಿನ ಸಂಕಟ ಇರಲಿಲ್ಲ. ಹಿಂದಿನ ಮಾಲೀಕರು ಯಾವುದೋ ಕಾಲದಲ್ಲಿ ಎಡ ಫೆಂಡರ್‌ಗೆ ತೂತು ಹೊಡೆಸಿ, ಆಮೇಲೆ ಪುಟ್ಟಿ ತುಂಬಿ ಮುಚ್ಚಿಸಿದ್ದರು. ಪುಟ್ಟಿ ಕೆರೆಸಿ ಅದಕ್ಕೇ ಹಚ್ಚಿಸಿದೆ. ಕೆಳಗಿನಿಂದ ಕೈ ಹಾಕಿದ ಮಿಸ್ತ್ರಿ ಹಿಡಿ ಮಣ್ಣು ತೆಗೆದು ತೋರಿಸಿದರು. ಎರೆ ಮಣ್ಣು, ಒಣಗಿ ಕಲ್ಲಾಗಿತ್ತು. ಅದರ ಹಿಂದಿನ ತಗಡು ತೂತಿನ ಸುತ್ತ ಪದರು ಪದರಾಗಿ ಏಳುತ್ತಿತ್ತು. ನವಲಗುಂದ, ಅಣ್ಣಿಗೇರಿ ಕಡೆ ಮಳೆಗಾಲದಲ್ಲಿ ಓಡಾಡುವ ಗಾಡಿಗೆ ಇದು ತಪ್ಪಿದ್ದಲ್ಲ. ಚಕ್ರ ಎರಚಿದ ಮಣ್ಣು ನೇರ ಮಿರರಿನ ನಟ್ಟಿಗೇ ಮೆತ್ತುತ್ತದೆ. ನೀರು ಹಿಡಿದಿಟ್ಟುಕೊಳ್ಳುವುದರಲ್ಲಿ ಎರೆ ಮಣ್ಣಿಗೆ ಸಾಟಿ ಇಲ್ಲ. ಹೊಲಕ್ಕೆ ಒಳ್ಳೆಯದು, ತಗಡಿಗಲ್ಲ.

ಇನ್ನು ನೋಟ. ಚಾಲಕನ ಕಣ್ಣಿನಿಂದ ಎಡ ಫೆಂಡರ್ ಬಹಳ ದೂರ. ಕನ್ನಡಿ ದೂರ ಹೋದಷ್ಟೂ ಅದರಲ್ಲಿ ಕಾಣುವ ಜಾಗ ಕಿರಿದಾಗುತ್ತದೆ. ಸಪಾಟು ಗ್ಲಾಸ್ ಹಾಕಿದರೆ ರಸ್ತೆಯ ಒಂದು ಸಣ್ಣ ಪಟ್ಟಿ ಮಾತ್ರ ಕಾಣುತ್ತದೆ. ಉಬ್ಬು ಗ್ಲಾಸ್ ಹಾಕಿದರೆ ಜಾಗವೇನೋ ಕಾಣುತ್ತದೆ, ಆದರೆ ಹಿಂದಿನ ಬೈಕು ಹುಡುಕಿ ನೋಡುವಷ್ಟು ಸಣ್ಣದಾಗುತ್ತದೆ. ಗದಗ ರೋಡಿನಲ್ಲಿ ಸ್ಪೀಡ್ ಹಿಡಿದರೆ ತಗಡಿನ ಜೊತೆ ಮಿರರೂ ನಡುಗುತ್ತದೆ. ಆಗ ಬಂದದ್ದು ಬೈಕೋ ಟ್ರ್ಯಾಕ್ಟರೋ ಹೇಳೋದು ಕಷ್ಟ.

ಎಲ್ಲಕ್ಕಿಂತ ಕಿರಿಕಿರಿ ಅಡ್ಜಸ್ಟ್ ಮಾಡೋದು. ಒಬ್ಬರು ಸೀಟಿನಲ್ಲಿ ಕೂರಬೇಕು, ಇನ್ನೊಬ್ಬರು ಹೊರಗೆ ನಿಂತು ತಿರುಗಿಸಬೇಕು. "ಇನ್ನಷ್ಟ್ ಒಳಗ... ಹಾಂ... ಅಯ್ಯ, ಜಾಸ್ತಿ ಆತು" ಅಂತ ಕೂಗುತ್ತಿರಬೇಕು. ಇಷ್ಟು ಮಾಡಿ ದುರ್ಗದ ಬೈಲಿಗೆ ಹೋದರೆ ತಳ್ಳುಗಾಡಿಯೋ ಬೈಕಿನ ಹ್ಯಾಂಡಲ್ಲೋ ತಾಗಿ ಮತ್ತೆ ಮೊದಲಿನ ಕಥೆ. ನಡು ಬಜಾರಿನಲ್ಲಿ ಇಳಿದು ಸರಿಮಾಡೋರು ಯಾರು?

ಕೊನೆಗೆ ಬಾಗಿಲು. ಇದಕ್ಕೆ ಮಾತ್ರ ಹೊಸ ತೂತೇ ಬೇಕಾಯಿತು. ಮಿಸ್ತ್ರಿ ಡ್ರಿಲ್ ಮುಟ್ಟುವ ಮೊದಲೇ ಹೇಳಿದರು: "ಸರ್ರ, ತೂತ ಒಮ್ಮೆ ಬಿತ್ತಂದ್ರ ಬಿತ್ತು. ಮೊದ್ಲ ರಟ್ಟ ಹಚ್ಚಿ ನೋಡೂಣ." ಮಿರರಿನ ಅಳತೆಯ ರಟ್ಟು ಕತ್ತರಿಸಿ ಟೇಪಿನಿಂದ ಅಂಟಿಸಿದರು. ನಾನು ಸೀಟಿನಲ್ಲಿ ಕೂತು ನೋಡಿದೆ.

ಪದ್ಮಿನಿಯ ಸಮಸ್ಯೆ ತಿಳಿಯುವುದು ಇಲ್ಲಿಯೇ. ಮುಂದಿನ ಬಾಗಿಲಿಗೆ ಎರಡು ಗ್ಲಾಸ್: ಇಳಿಸುವ ದೊಡ್ಡದು, ಅದರ ಮುಂದೆ ತಿರುಗಿಸಿ ತೆರೆಯುವ ತ್ರಿಕೋನದ್ದು. ನಡುವೆ ಒಂದು ನೆಟ್ಟಗಿನ ಪಟ್ಟಿ. ಮಿರರ್ ಸ್ವಲ್ಪ ಹಿಂದೆ ಹೋದರೂ ಆ ಪಟ್ಟಿ ಮಿರರನ್ನು ಸೀಳಿದ ಹಾಗೆ ಅಡ್ಡ ಬರುತ್ತದೆ. ಮುಂದಕ್ಕೆ ತಂದರೆ ನೋಟ ಸ್ವಚ್ಛ, ಆದರೆ ತ್ರಿಕೋನ ಗ್ಲಾಸ್ ತೆರೆದಾಗ ಮಿರರಿಗೆ ಬಡಿಯುತ್ತದೆ. ಎಸಿ ಇಲ್ಲದ ಗಾಡಿಯಲ್ಲಿ ಏಪ್ರಿಲ್ ತಿಂಗಳು ಆ ಗ್ಲಾಸ್ ಮುಚ್ಚಿಕೊಂಡು ಓಡಿಸೋದು ಸಾಧ್ಯವೇ ಇಲ್ಲ. ರಟ್ಟನ್ನು ಹಿಂದೆ ಮುಂದೆ ಸರಿಸುತ್ತಾ ಹೋದೆವು. ಕೊನೆಗೆ ಬಾಗಿಲಿನ ಮುಂದಿನ ಮೂಲೆಗೆ ಹತ್ತಿರ, ಗ್ಲಾಸಿನ ಅಂಚಿಗಿಂತ ತುಸು ಕೆಳಗೆ ಒಂದು ಜಾಗ ಸಿಕ್ಕಿತು. ಅಲ್ಲಿ ಗಿಡ್ಡ ಕಾಲಿನ ಮಿರರ್ ಕೂತರೆ ತ್ರಿಕೋನ ಗ್ಲಾಸ್ ಅರ್ಧಕ್ಕಿಂತ ಹೆಚ್ಚೇ ತೆರೆಯುತ್ತದೆ. ಅಷ್ಟು ಗಾಳಿ ನನಗೆ ಸಾಕು.

ಆಮೇಲಿನ ಕೆಲಸ ನಿಧಾನದ್ದು. ಹ್ಯಾಂಡಲ್ ಬಿಚ್ಚಿ, ಡೋರ್ ಪ್ಯಾಡ್ ತೆಗೆದು, ಗ್ಲಾಸನ್ನು ಏರಿಸಿ ಇಳಿಸಿ ಅದು ಎಲ್ಲಿ ಹಾದುಹೋಗುತ್ತದೆ ಅಂತ ನೋಡಬೇಕು. ಬೋಲ್ಟ್ ಉದ್ದವಾದರೆ ಗ್ಲಾಸಿಗೆ ಗೀರು ಬೀಳುತ್ತದೆ. ಬಾಗಿಲಿನ ತಗಡು ತೆಳು. ಹಾಗಾಗಿ ಒಳಗಿನಿಂದ ಒಂದು ಕಬ್ಬಿಣದ ಪಟ್ಟಿ ಕೊಡಿಸಲೇಬೇಕು, ಇಲ್ಲದಿದ್ದರೆ ಮಿರರ್ ತಗಡಿನ ಸಮೇತ ಅಲುಗುತ್ತದೆ. ತೂತಿನ ಅಂಚಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ, ಹೊರಗೆ ರಬ್ಬರ್ ವಾಷರ್. ಅವಸರದಲ್ಲಿ ರೆಡ್ ಆಕ್ಸೈಡ್ ಬಿಡುವವರು ಬಹಳ ಜನ. ಎದುರಿಗೆ ನಿಂತು ಹಚ್ಚಿಸಿಕೊಳ್ಳಿ.

ಪರೀಕ್ಷೆಗೆ ಗಾಡಿಯನ್ನು ನೆಹರು ಮೈದಾನದ ಹತ್ತಿರ ನಿಲ್ಲಿಸಿ, ಗೆಳೆಯನಿಗೆ ಎಡಗಡೆಯಿಂದ ಸ್ಕೂಟಿಯಲ್ಲಿ ನಿಧಾನವಾಗಿ ಬರಲು ಹೇಳಿದೆ. ಮಿರರಿನಿಂದ ಸ್ಕೂಟಿ ಮಾಯವಾಗುವ ಹೊತ್ತಿಗೆ ಅದರ ಮುಂದಿನ ಚಕ್ರ ಎಡಗಿಟಕಿಯಲ್ಲಿ ಕಾಣಬೇಕು. ಬಾಗಿಲ ಮಿರರಿನಲ್ಲಿ ಉಬ್ಬು ಗ್ಲಾಸ್ ಇದ್ದಾಗ ಕಂಡಿತು. ಸಪಾಟು ಗ್ಲಾಸ್ ಹಾಕಿ ನೋಡಿದರೆ ನಡುವೆ ಒಂದು ಘಳಿಗೆ ಸ್ಕೂಟಿ ಎಲ್ಲೂ ಇರಲಿಲ್ಲ. ಎಡಗಡೆಗೆ ಉಬ್ಬು ಗ್ಲಾಸೇ ಸರಿ. ಅದರಲ್ಲಿ ಹಿಂದಿನ ಗಾಡಿ ಇರೋದಕ್ಕಿಂತ ದೂರ ಕಾಣುತ್ತದೆ ಅನ್ನೋದು ನೆನಪಿರಲಿ. ಅಮೆರಿಕದಲ್ಲಿ ಪಕ್ಕದವರ ಕಡೆಯ ಉಬ್ಬು ಗ್ಲಾಸಿನ ಮೇಲೆ ಆ ಎಚ್ಚರಿಕೆ ಬರೆದಿರಲೇಬೇಕು ಅಂತ ಕಾನೂನೇ ಇದೆ. ಎಡಕ್ಕೆ ಸರಿಯುವ ಮುನ್ನ ಒಳಗಿನ ಕನ್ನಡಿಯನ್ನೂ ಒಮ್ಮೆ ನೋಡಿಬಿಡಿ, ಅಂತರ ತಿಳಿಯುತ್ತದೆ.

ಬಾಗಿಲ ಮಿರರಿನ ಇನ್ನೊಂದು ಸುಖ ಪದ್ಮಿನಿಯ ಉದ್ದ ಸೀಟಿನಿಂದ ಬಂದದ್ದು. ನಡುವೆ ಗೇರ್ ಇಲ್ಲ, ಹ್ಯಾಂಡ್‌ಬ್ರೇಕ್ ಇಲ್ಲ. ಒಬ್ಬನೇ ಇದ್ದರೂ ಎಡಕ್ಕೆ ಜರುಗಿ ಗ್ಲಾಸ್ ಇಳಿಸಿ ಕೈಯಿಂದ ಸರಿಮಾಡಿ ವಾಪಸ್ ಬರಬಹುದು. ಪಕ್ಕದವರು ಮುಂದಕ್ಕೆ ಬಾಗಿದರೆ ಮಾತ್ರ ಅಡ್ಡ ಬರುತ್ತದೆ. "ಸ್ವಲ್ಪ ಹಿಂದ ಸರೀರಿ" ಅಂದರೆ ಆಯಿತು.

ದಿನಾ ಓಡಿಸುವ ಗಾಡಿಗೆ ನನ್ನ ವೋಟು ಬಾಗಿಲಿಗೆ. ಭಾನುವಾರ ಮಾತ್ರ ಹೊರಗೆ ಬರುವ, ಪ್ರದರ್ಶನಕ್ಕೆ ಒಯ್ಯುವ ಗಾಡಿಯಾದರೆ ಫೆಂಡರ್ ಹಚ್ಚಿಸಿ, ಯಾರೂ ಬೇಡ ಅನ್ನಲ್ಲ. ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಜಾಸ್ತಿ ದುಡ್ಡು ಹೋಗೋದು ಮಿರರಿಗಲ್ಲ, ಪೇಂಟ್ ಟಚಪ್‌ಗೆ.

ಕೊಳ್ಳುವಾಗ ಎಡಗಡೆಯದ್ದೇ ಕೇಳಿ ತಗೊಳ್ಳಿ. "ಬಲಗಡೇದನ್ನ ತಿರುಗಿಸಿ ಹಚ್ರಿ, ನಡೀತದ" ಅನ್ನುವ ಅಂಗಡಿಯವರು ಸಿಗುತ್ತಾರೆ. ಹಚ್ಚಲು ಬರುತ್ತದೆ. ಆದರೆ ಎಷ್ಟೇ ಬಾಗಿಸಿದರೂ ಕನ್ನಡಿ ಆಕಾಶವನ್ನೇ ತೋರಿಸುತ್ತದೆ.