ಪಂಪ್‌ಸೆಟ್ ಬೋರ್ಡ್ ಮಾಡಿಸುವವರೇ, ಕೋಡ್ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ

ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಇಪ್ಪತ್ತು ವರ್ಷದಿಂದ ಕಲಬುರಗಿಯಲ್ಲಿ ಮೋಟರ್ ವೈಂಡಿಂಗ್ ಮಾಡುತ್ತಿದ್ದೇನೆ. ಮಗನ ವಯಸ್ಸಿನ ಒಬ್ಬ ಹುಡುಗ ನನಗೆ ಟೋಪಿ ಹಾಕಿದ.

ಮಾಡಿಸಿದ್ದು ಮೊಬೈಲ್ ಸ್ಟಾರ್ಟರ್ ಬೋರ್ಡ್. ಎಸ್‌ಎಂಎಸ್ ಕಳಿಸಿದರೆ ಮೋಟರ್ ಚಾಲೂ, ಫೇಸ್ ಹೋದರೆ ಅಥವಾ ಬೋರಿನಲ್ಲಿ ನೀರು ಮುಗಿದರೆ ತಾನೇ ಬಂದ್. ಒಳಗೆ ಪ್ರೋಗ್ರಾಂ ಇಟ್ಟುಕೊಂಡು ಅದನ್ನು ನಡೆಸುವ ಅಟ್‌ಮೆಗಾ 328ಪಿ ಚಿಪ್. 25 ಬೋರ್ಡ್, 40,000 ರೂಪಾಯಿ, ಎಲ್ಲಾ ಫೋನ್‌ಪೇ. ಬಿಲ್ ಕೇಳಿದೆ. "ಬಿಲ್ ಯಾಕ ಬೇಕ್ರಿ ಕಾಕಾ, ನಾವೇನ್ ಓಡಿ ಹೋಗ್ತೀವೇನ್ರಿ" ಅಂದ. ಓಡಿ ಹೋಗಲಿಲ್ಲ, ಅದು ನಿಜ. ಅಂಗಡಿಯಲ್ಲೇ ಕೂತು ಆಟ ಆಡಿಸಿದ.

ಬೋರ್ಡ್ ಕೆಟ್ಟದ್ದು ಅನ್ನುವುದಿಲ್ಲ, ಚೆನ್ನಾಗೇ ನಡೆದವು. ಬೇಸಿಗೆ ಬಂತು. ಆಳಂದ ಕಡೆಯ ಒಬ್ಬ ರೈತರ ಬೋರಿನಲ್ಲಿ ನೀರು ಕಡಿಮೆ. ಟ್ರಿಪ್ ಆದ, ಅಂದರೆ ತಾನೇ ಬಂದ್ ಆದ, ಅರ್ಧ ಗಂಟೆಗೆ ಮೋಟರ್ ಮತ್ತೆ ಚಾಲೂ ಆಗುತ್ತದೆ, ಅಷ್ಟರಲ್ಲಿ ನೀರು ತುಂಬಿರುವುದಿಲ್ಲ, ಮತ್ತೆ ಟ್ರಿಪ್. ಆ 30 ನಿಮಿಷವನ್ನು 90 ಮಾಡಬೇಕಿತ್ತು, ಅಷ್ಟೇ. ಒಂದು ಅಂಕಿ! ಫೋನ್ ಮಾಡಿದರೆ "ಆಗ್ತದ್ರಿ. ಐದು ಸಾವಿರ ಆಗ್ತದ."

ಒಂದು ಅಂಕಿಗೆ ಐದು ಸಾವಿರ. ಸೋರ್ಸ್ ಕೋಡ್, ಅಂದರೆ ನೀನು ಬರೆದ ಮೂಲ ಪ್ರೋಗ್ರಾಂ ಕೊಡಪ್ಪಾ, ನಮ್ಮ ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ, ಅವನೇ ತಿದ್ದುತ್ತಾನೆ ಅಂದೆ. ಅದಕ್ಕೆ ಅವನು: "ಕೋಡ್ ಚಿಪ್‌ನಾಗೇ ಅದ ಅಲ್ರಿ ಕಾಕಾ, ತಕ್ಕೊಳ್ರಿ."

ನಂಬಿದೆ. ಚಿಪ್ ಓದಿ ಬರೆಯುವ ಪ್ರೋಗ್ರಾಮರ್ ಸಾಧನ ತರಿಸಿ, ಬೋರ್ಡಿನ ಆರು ಪಿನ್ನಿಗೆ ಸಿಕ್ಕಿಸಿ ಒಂದು ಬೋರ್ಡ್ ಓದಿದೆವು. ಎರರ್ ಇಲ್ಲ, ಫೈಲ್ ಬಂತು. ಖುಷಿಗೆ ಅಂಗಡಿ ಹುಡುಗರಿಗೆಲ್ಲಾ ಚಹಾ ತರಿಸಿದೆ! ಅದೇ ಫೈಲನ್ನು ಇನ್ನೊಂದು ಬೋರ್ಡಿಗೆ ಹಾಕಿದೆವು. ಅದು ಸತ್ತೇ ಹೋಯಿತು. ಫೈಲ್ ತೆರೆದು ನೋಡಿದರೆ 00, 01, 02, 03 ಅಂತ ಏರುತ್ತಾ ಹೋದ ಅಂಕಿಗಳು. ಒಂದನೇ ಕ್ಲಾಸಿನ ಮಗು ಮಗ್ಗಿ ಬರೆದ ಹಾಗೆ. ಲಾಕ್ ಬಿಟ್ ಹಾಕಿದ, ಅಂದರೆ ಒಳಗಿನ ಪ್ರೋಗ್ರಾಂ ಯಾರೂ ಓದದ ಹಾಗೆ ಬೀಗ ಹಾಕಿದ ಚಿಪ್ ಓದಿದರೆ ಹೀಗೇ ಬರುತ್ತದಂತೆ. ಲಾಕ್ ತೆಗೆಯಬೇಕಾದರೆ ಚಿಪ್ ಪೂರ್ತಿ ಎರೇಸ್ ಮಾಡಬೇಕು, ಮಾಡಿದರೆ ಪ್ರೋಗ್ರಾಮೂ ಹೋಯಿತು. ಹೊಸ ಫೈಲ್ ಹಾಕುವಾಗ ಸಾಫ್ಟ್‌ವೇರ್ ತಾನೇ ಮೊದಲು ಎರೇಸ್ ಮಾಡುತ್ತದೆ. ಅಂದರೆ ಎರಡನೇ ಬೋರ್ಡನ್ನು ಕೊಂದದ್ದು ನಾವೇ.

"ತಕ್ಕೊಳ್ರಿ" ಅಂದಾಗ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಅಂದ. ಹೊಟ್ಟೆ ಉರಿಯುವುದು ಅದಕ್ಕೇ.

ಬೋರ್ಡ್ ಹಿಡಿದು ಅವನ ಅಂಗಡಿಗೆ ಹೋದೆ. "ಲಾಕ್ ನಿಮ್ ಸಲುವಾಗೇ ಹಾಕೀನ್ರಿ, ಮಂದಿ ಕಾಪಿ ಹೊಡಿತಾರ." ದುಡ್ಡು ಕೊಟ್ಟ ನಾನೂ ಮಂದಿನಾ? ಸತ್ತ ಬೋರ್ಡಿಗೆ ಪ್ರೋಗ್ರಾಂ ಹಾಕಿಕೊಡಲು ಮತ್ತೆ 800 ಕೇಳಿದ. "ನೀವೇ ಕೆಡಿಸ್ಕೊಂಡೀರಿ ಅಲ್ರಿ" ಅಂತ ನಗು ಬೇರೆ.

ಲಾಕ್ ಹಾಕುವುದೇ ತಪ್ಪು ಅನ್ನುತ್ತಿಲ್ಲ. ತುಂಬಾ ಜನ ಹಾಕುತ್ತಾರೆ. ಮೊದಲೇ ಹೇಳಬೇಕಿತ್ತು, ಅಲ್ವಾ?

ನೀವು ಮಾಡಿಸುವುದಾದರೆ ಸಿ ಭಾಷೆಯಲ್ಲಿ ಬರೆದ ಸೋರ್ಸ್ ಕೋಡ್ ಕೊಡುತ್ತೇನೆ ಅಂತ ಬರೆಸಿಕೊಳ್ಳಿ. ಇಲ್ಲದಿದ್ದರೆ ಹೆಕ್ಸ್ ಫೈಲ್, ಅಂದರೆ ಚಿಪ್ಪಿಗೆ ಹಾಕುವ ಬರೀ ಅಂಕಿಗಳ ಫೈಲ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ, ಅದನ್ನು ಇನ್ನೊಂದು ಚಿಪ್ಪಿಗೆ ಹಾಕಬಹುದು, ಆದರೆ ತಿದ್ದುವುದು ನಮ್ಮಂಥವರ ಕೈಯಲ್ಲಿ ಆಗುವುದಿಲ್ಲ. ಅವನ ಎದುರೇ ಕೋಡ್ ಕಂಪೈಲ್ ಮಾಡಿಸಿ (ಅದರಿಂದ ಹೆಕ್ಸ್ ಫೈಲ್ ಮಾಡಿಸಿ), ಖಾಲಿ ಚಿಪ್ಪಿಗೆ ಹಾಕಿಸಿ, ಮೋಟರ್ ತಿರುಗಿದ ಮೇಲೆ ಬಾಕಿ ಕೊಡಿ. ಟೈಮಿನಂಥ ಸೆಟ್ಟಿಂಗ್ ಎಸ್‌ಎಂಎಸ್‌ನಲ್ಲೇ ಬದಲಾಗಬೇಕು. ಅದನ್ನು ಇಡಲು ಈ ಚಿಪ್ಪಿನಲ್ಲಿ 1 ಕೆಬಿ ಇಇಪ್ರಾಮ್ ಇದೆ, ಕರೆಂಟ್ ಹೋದರೂ ಅಳಿಯದ ಮೆಮೊರಿ ಅದು. ಇದನ್ನೆಲ್ಲಾ ಅಕ್ಕನ ಮಗ ಈಗ ಹೇಳುತ್ತಾನೆ.

ಐದು ಸಾವಿರ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆಳಂದದ ರೈತರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದಾರೆ. ಎತ್ತಿಲ್ಲ.